ಎರಡು ಖಾನೆಯ ಫಾರ್ಮು

ಕಾಲೇಜಿನಲ್ಲಿ ನಾನು ಬಹಳ ವರ್ಷ ‘ಸಾಮಾಜಿಕ ಸಮಸ್ಯೆಗಳು’ ಎಂಬ ಪತ್ರಿಕೆಯನ್ನು ಪಾಠ ಮಾಡಿದೆ. ಈಗ ನಿವೃತ್ತನಾಗಿ ಸಿಂಧನೂರಿನಲ್ಲಿ ಕುಳಿತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬಂದು ‘ಸರ್, ನಿಮ್ಮ ಅನುಭವ ಬರೆಯಿರಿ’ ಎನ್ನುತ್ತಾರೆ. ಯಾವಾಗ ರೀಡರ್ ಆದೆ, ಯಾರು ಹಾರ ಹಾಕಿದರು ಎಂದು ಬರೆಯಲು ಕುಳಿತರೆ ನನಗೇ ತೂಕಡಿಕೆ ಬರುತ್ತದೆ. ಹಾಗಾಗಿ ಅದನ್ನು ಬಿಟ್ಟು, ಈ ಕೆಲಸಕ್ಕೆ ನಾನು ಹೇಗೆ ಬಿದ್ದೆ, ಬಿದ್ದ ಹೊಸದರಲ್ಲಿ ಯಾರ ಕಾಲು ತುಳಿದೆ ಎಂಬುದನ್ನಷ್ಟೇ ಹೇಳುತ್ತೇನೆ. ಇದು ನಿಜಾಮರ ಕಾಲದ ಮಾತು. ಆಗ ನಾನು ಹೈದರಾಬಾದಿನಲ್ಲಿ ಓದುತ್ತಿದ್ದೆ.

ಪಾಠವೆಲ್ಲ ಉರ್ದುವಿನಲ್ಲಿ. ನಮ್ಮ ಪ್ರೊಫೆಸರ್ ಸಾಹೇಬರು ಒಳ್ಳೆಯ ಮನುಷ್ಯ. ವಿಲಾಯತಿನಲ್ಲಿ ಓದಿ ಬಂದವರು, ಪಾನ್ ಹಾಕಿಕೊಂಡೇ ಮಾತಾಡುವವರು, ಬಡ ಹುಡುಗರಿಗೆ ತಮ್ಮ ಪುಸ್ತಕ ಕೊಟ್ಟು ಮರಳಿ ಕೇಳದವರು. ಇಂಗ್ಲಿಷ್ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟು, ಅದನ್ನು ಅಲ್ಲೇ ಉರ್ದು ಮಾಡಿ ಹೇಳುತ್ತಿದ್ದರು. ಸಾಮಾಜಿಕ ಸಮಸ್ಯೆ ಎಂದರೇನು? ‘ಬಹಳ ಜನರಿಗೆ ತಪ್ಪೆಂದು ಕಾಣುವ ಮತ್ತು ಸರಿಪಡಿಸಬೇಕೆಂದು ಅನಿಸುವ ಸ್ಥಿತಿ.’ ನಾವು ಬರೆದುಕೊಂಡೆವು. ‘ಆ ಬಹಳ ಜನ ಅಂದರೆ ಯಾರು?’ ಎಂದು ನಾನೊಮ್ಮೆ ಎದ್ದು ಕೇಳಿದೆ. ಸಾಹೇಬರು ಒಂದು ಕ್ಷಣ ಪಾನ್ ಅಗಿಯುವುದನ್ನು ನಿಲ್ಲಿಸಿ, ‘ಒಳ್ಳೆಯ ಪ್ರಶ್ನೆ, ಕುಳಿತುಕೊ’ ಎಂದರು. ಉತ್ತರ ಬರಲಿಲ್ಲ. ಆದರೆ ಆ ಪ್ರಶ್ನೆಯಿಂದ ಅವರ ಕಣ್ಣಿಗೆ ಬಿದ್ದೆ. ಚಳಿಗಾಲದ ರಜೆಯಲ್ಲಿ ಹಳ್ಳಿಗಳ ಸಮೀಕ್ಷೆಗೆ ಹುಡುಗರನ್ನು ಆರಿಸುವಾಗ, ಕನ್ನಡ ಬಲ್ಲವನೆಂದು ನನ್ನನ್ನು ಲಿಂಗಸುಗೂರು, ಸಿಂಧನೂರು ಸೀಮೆಗೆ ಕಳಿಸಿದರು.

ಫಾರ್ಮು ಉದ್ದವಾಗಿತ್ತು, ಉರ್ದುವಿನಲ್ಲಿತ್ತು. ಸಮಸ್ಯೆಗಳ ಪಟ್ಟಿ ಮೊದಲೇ ಅಚ್ಚಾಗಿತ್ತು: ಭಿಕ್ಷಾಟನೆ, ಕುಡಿತ, ನಿರುದ್ಯೋಗ, ಬಾಲ್ಯವಿವಾಹ, ನಿಯಮಬಾಹಿರ ಸಂಬಂಧ. ನಮ್ಮ ಕೆಲಸ ಮನೆಮನೆಗೆ ಹೋಗಿ ಖಾನೆ ತುಂಬುವುದು. ಖಾನೆ ಎಂದರೆ ನೀವು ಈಗ ಕಾಲಂ ಎನ್ನುತ್ತೀರಲ್ಲ, ಅದು. ಮೂಲಪ್ರತಿ ಹೈದರಾಬಾದಿಗೆ, ನಕಲು ತಹಸೀಲು ಕಚೇರಿಗೆ. ನಕಲು ಅಲ್ಲಿಗೆ ಏಕೆ ಹೋಗಬೇಕೆಂದು ನಾನು ಕೇಳಲಿಲ್ಲ. ಎದ್ದು ನಿಂತು ಕೇಳಬೇಕಾಗಿದ್ದ ಪ್ರಶ್ನೆ ನಿಜವಾಗಿ ಅದೇ ಆಗಿತ್ತು.

ಮಸ್ಕಿಯ ಹತ್ತಿರದ ಹಳ್ಳಿಗಳಲ್ಲಿ ನನಗೆ ಮೊದಲು ಎದುರಾದ ಮಾತು ‘ಕಲ್ಲು ಓದಾಕ ಬಂದೀರೇನ್ರಿ?’ ಎಂಬುದು. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಹಳೆಯ ಅಕ್ಷರ ಸಿಕ್ಕ ಮೇಲೆ, ಹೈದರಾಬಾದಿನಿಂದ ಕಾಗದ ಹಿಡಿದು ಬಂದವರೆಲ್ಲ ಕಲ್ಲು ಓದುವವರೇ. ಅಲ್ಲ, ಜನರನ್ನು ಕೇಳಲು ಬಂದಿದ್ದೇನೆ ಎಂದರೆ ಅವರಿಗೆ ನಗು. ‘ಕಲ್ಲರ ಸುಮ್ಕ ಇರ್ತೈತಿ. ನಮ್ಮನ್ನ ಕೇಳಿದ್ರ ಸಂಜೀತನ ಬಿಡಂಗಿಲ್ಲ ನೋಡ್ರಿ’ ಎಂದು ಒಬ್ಬ ಮುದುಕ ನನ್ನನ್ನು ಕಟ್ಟೆಗೆ ಕೂಡಿಸಿಕೊಂಡ. ಹೇಳಿದ್ದನ್ನು ಮಾಡಿಯೂ ತೋರಿಸಿದ.

ಹೊಳೆದಂಡೆಯ ಮುಕ್ಕುಂದದಲ್ಲಿ ಒಬ್ಬ ರೈತನ ಮನೆಯ ಮುಂದೆ ಹೊರಸಿನ ಮೇಲೆ ಕುಳಿತು ‘ನಿಮ್ಮ ಊರಾಗ ದೊಡ್ಡ ತೊಂದ್ರಿ ಯಾವುದ್ರಿ?’ ಎಂದು ಕೇಳಿದೆ. ‘ಯಾವ ಸಾಹೇಬ ಬಂದ್ರೂ ಹೊರಸು ನಾನ ತರಬೇಕ್ರಿ. ನೀರು ನಾನ, ಕುದರಿ ಮೇವು ನಾನ. ನಮ್ಮಪ್ಪನೂ ಇದ ಬಿಟ್ಟಿ ಮಾಡ್ಯಾನ. ಈಗ ನೀವು ಕುಂತೀರಲ್ಲ, ಅದೂ ನಾನ ತಂದದ್ದು.’ ನಾನು ಎದ್ದು ನಿಂತೆ. ‘ಕುಂದರ್ರಿ, ತಂದದ್ದು ತಂದಾಗೈತಿ’ ಎಂದ. ಬಿಟ್ಟಿ ಚಾಕರಿಗೆ ಫಾರ್ಮಿನಲ್ಲಿ ಖಾನೆ ಇರಲಿಲ್ಲ. ಆತನ ಉತ್ತರವನ್ನು ಎಲ್ಲಿ ಬರೆಯುವುದೆಂದು ತಿಳಿಯದೆ, ಎಲ್ಲಿಯೂ ಬರೆಯಲಿಲ್ಲ.

ಭಿಕ್ಷಾಟನೆಯ ಖಾನೆ ಇತ್ತು. ನಾವು ಜಂಗಮರು. ನಮ್ಮಪ್ಪ ಪ್ರತಿ ಸೋಮವಾರ ಜೋಳಿಗೆ ಹಿಡಿದು ಭಕ್ತರ ಮನೆಗಳಿಗೆ ಹೋಗುತ್ತಿದ್ದರು. ಅವರು ಬರುವುದು ತಡವಾದರೆ ಮನೆಯವರು ಊಟಕ್ಕೆ ಕೂಡದೆ ಕಾಯುತ್ತಿದ್ದರು. ಫಾರ್ಮಿನ ಸೂಚನೆಯಂತೆ ‘ದುಡಿಯದೆ ಮನೆಮನೆಗೆ ಹೋಗಿ ಆಹಾರ ಪಡೆಯುವವನು’ ಭಿಕ್ಷುಕ. ಅಂದರೆ ನಮ್ಮಪ್ಪನೇ. ನಾನು ಆ ಖಾನೆಯಲ್ಲಿ ಯಾವ ಜಂಗಮನ ಹೆಸರನ್ನೂ ಬರೆಯಲಿಲ್ಲ. ಇದು ಭಿಕ್ಷಾಟನೆ ಅಲ್ಲ, ಅದರ ರೀತಿಯೇ ಬೇರೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಮುಂದೆ ಹೇಳುವ ತಪ್ಪನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ. ನನ್ನ ಮನೆಯದು ಬಂದಾಗ ನಾನು ಜಾಣನಾಗಿದ್ದೆ.

ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ನಡೆದು ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಇಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಊರಿನ ಹೆಸರು ಬೇಡ. ಅಲ್ಲಿ ಹಂಪಮ್ಮ ಎಂಬ ಹೆಣ್ಣುಮಗಳು ನನ್ನ ಪ್ರಶ್ನೆಗಳಿಗೆ ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಟ್ಟಳು. ಎಷ್ಟು ಕೂರಿಗೆ ಹೊಲ, ಯಾವ ವರ್ಷ ಜೋಳ ಬಂತು, ಹತ್ತಿ ಏಕೆ ಬಿಟ್ಟರು, ಎಲ್ಲ ಬಾಯಲ್ಲೇ ಇತ್ತು. ಸೊಂಟದ ಮೇಲೆ ಸಣ್ಣ ಮಗಳು. ಗಂಡನ ಹೆಸರು ಕೇಳಿದಾಗ ಮಾತ್ರ ಸೆರಗು ಎಳೆದುಕೊಂಡು ನಕ್ಕಳು. ಅದರಲ್ಲೇನೂ ವಿಶೇಷವಿಲ್ಲ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಮನೆಯಾಕೆ ‘ನಿಂಗಪ್ಪ, ಬರಕೋರಿ’ ಎಂದು ಕೂಗಿ ಹೇಳಿದಳು.

ಹೆಸರಿನ ಮುಂದೆ ಎರಡು ಖಾನೆಗಳಿದ್ದವು. ಒಂದು ‘ಮನ್ಕೂಹಾ’, ಮದುವೆಯಾದವಳು. ಇನ್ನೊಂದು ‘ಗೈರ್ ಮನ್ಕೂಹಾ’, ಮದುವೆಯಿಲ್ಲದೆ ಜೊತೆಗಿರುವವಳು. ಹೆಣ್ಣುಮಗಳನ್ನು ಇದನ್ನು ಹೇಗೆ ಕೇಳುವುದೆಂದು ನನಗೆ ಸಂಕೋಚ. ಜೊತೆಗಿದ್ದ ಪಟವಾರಿಯ ಕಿವಿಯಲ್ಲಿ ಕೇಳಿದೆ. ಊರಿನ ಹೊಲಮನೆಯ ಲೆಕ್ಕವೆಲ್ಲ ಅವನ ದಫ್ತರಿನಲ್ಲಿತ್ತು, ಇದೂ ಇರಬಹುದೆಂದುಕೊಂಡೆ. ‘ಅಕಿದು ಉಡಿಕಿ ಐತಿ. ಮೊದಲ್ನೇ ಗಂಡ ಸತ್ತಾನ. ಲಗ್ನ ಅಲ್ಲ’ ಎಂದ. ಸೂಚನೆಯ ಪುಸ್ತಕ ತೆಗೆದು ನೋಡಿದೆ. ‘ಪುರೋಹಿತರ ಮುಂದೆ ಧಾರ್ಮಿಕ ವಿಧಿಯಿಂದ ಆದದ್ದು ಮಾತ್ರ ವಿವಾಹ’ ಎಂದಿತ್ತು. ಉಡಿಕೆ ಎಂದರೆ ಗಂಡ ಸತ್ತವಳಿಗೆ ಹಿರಿಯರ ಮುಂದೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಅದಕ್ಕೆ ಬಾಜಾ ಇಲ್ಲ, ಪುರೋಹಿತನಿಲ್ಲ. ಅಲ್ಲಿಗೆ ಮುಗಿಯಿತು. ಗೈರ್ ಮನ್ಕೂಹಾ ಎಂಬಲ್ಲಿ ಗುರುತು ಹಾಕಿದೆ. ಹಂಪಮ್ಮ ನನಗೆ ಮಜ್ಜಿಗೆ ಕೊಟ್ಟಳು, ಕುಡಿದು ಬಂದೆ.

ನಮ್ಮ ಮನೆತನದಲ್ಲಿ ಉಡಿಕೆ ಇರಲಿಲ್ಲ. ನನ್ನ ಸೋದರತ್ತೆ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು, ಜೀವನವೆಲ್ಲ ನಮ್ಮ ಅಡುಗೆಮನೆಯಲ್ಲೇ ಕಳೆದಳು. ಆಕೆಯದು ಸಮಸ್ಯೆ ಎಂದು ನನಗೆ ಹೊಳೆದಿರಲಿಲ್ಲ. ಮತ್ತೆ ಸಂಸಾರ ಕಟ್ಟಿಕೊಂಡು, ಮಗಳನ್ನೆತ್ತಿಕೊಂಡು ನಗುತ್ತಿದ್ದ ಹಂಪಮ್ಮನನ್ನು ಸಮಸ್ಯೆಯ ಪಟ್ಟಿಗೆ ಸೇರಿಸಿ ಬಂದಿದ್ದೆ.

ಹೈದರಾಬಾದಿಗೆ ಮರಳಿದ ಮೇಲೆ ಒಂದು ದಿನ ತರಗತಿಯಲ್ಲಿ ಸಾಹೇಬರು ಹಲಗೆಯ ಮೇಲೆ ಒಂದು ಪಟ್ಟಿ ಬರೆದರು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಂಡ ಮುಖ್ಯ ಸಾಮಾಜಿಕ ಸಮಸ್ಯೆ: ನಿಯಮಬಾಹಿರ ಸಂಬಂಧ. ಹುಡುಗರೆಲ್ಲ ಬರೆದುಕೊಂಡರು, ನಾನೂ ಬರೆದುಕೊಂಡೆ. ಆ ಪಟ್ಟಿ ನನ್ನ ಫಾರ್ಮುಗಳಿಂದಲೇ ಬಂದದ್ದೆಂದು ತಿಳಿದಾಗ ಎದೆ ಉಬ್ಬಿತು. ಪರೀಕ್ಷೆಯಲ್ಲೂ ಆ ಪ್ರಶ್ನೆ ಬಂತು. ಒಳ್ಳೆಯ ಅಂಕ ಬಂತು.

ಮರುವರ್ಷ ಎರಡನೆಯ ಸುತ್ತು. ಅದೇ ಮನೆಗಳಿಗೆ ಮತ್ತೆ ಹೋಗಬೇಕು. ಹಂಪಮ್ಮನ ಮನೆಗೆ ಹುಮ್ಮಸ್ಸಿನಿಂದ ಹೋದೆ. ಆಕೆ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಹಣೆ ಬರಿದಾಗಿತ್ತು. ನಿಂಗಪ್ಪ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ.

‘ಹೊಲ ನಮ್ಮ ಭಾವ ತನ್ನ ಹೆಸರಿಗೆ ಮಾಡಸ್ಕೊಳ್ಳಾಕತ್ತ್ಯಾನ್ರಿ’ ಎಂದಳು. ‘ಅಕಿ ನಮ್ಮ ತಮ್ಮನ ಹೇಣ್ತಿನ ಅಲ್ಲ ಅಂತ ಅರ್ಜಿ ಕೊಟ್ಟಾನ. ಕಚೇರ್‍ಯಾಗ ನೀವು ಬರದ ಕಾಗದ ಐತಂತ. ಅದರಾಗ ಹಂಗ ಐತಂತ.’

‘ಹ್ಯಾಂಗ?’ ಎಂದು ಕೇಳಿದೆ. ಕೇಳುವಾಗಲೇ ಗೊತ್ತಿತ್ತು.

‘ನಂಗೇನ್ ಗೊತ್ತ್ರಿ. ಬರದವ್ರು ನೀವು.’

ಹಂಪಮ್ಮನ ಭಾವ ಅಮರಪ್ಪ ಕೆಟ್ಟವನೆಂದು ಹೇಳಲಾರೆ. ತಮ್ಮನ ಎರಡು ಕೂರಿಗೆ ಹೊಲ ತನ್ನ ಹೊಲಕ್ಕೆ ಹತ್ತಿಕೊಂಡಿತ್ತು, ಆಸೆ ಹುಟ್ಟಿತು. ಊರಿನ ಹಿರಿಯರು, ಅಂದರೆ ದೈವದವರು, ಆ ಹೊಲ ಹಂಪಮ್ಮ ಮತ್ತು ಮಗಳದೇ ಎಂದು ಬಾಯಿಮಾತಿನಲ್ಲಿ ತೀರ್ಮಾನಿಸಿದ್ದರು. ಆದರೆ ಬಾಯಿಮಾತಿಗೆ ಎದುರಾಗಿ ನನ್ನ ಕಾಗದವಿತ್ತು. ಆಕೆ ಸೋತರೆ ಆ ಮನೆಯನ್ನೂ ಬಿಟ್ಟು, ಮಗಳನ್ನೆತ್ತಿಕೊಂಡು ತವರಿಗೆ ಹೋಗಬೇಕಾಗಿತ್ತು. ತವರಿನಲ್ಲಿ ಯಾರೂ ಉಳಿದಿರಲಿಲ್ಲ.

ಸಾಹೇಬರಿಗೆ ಪತ್ರ ಬರೆದೆ. ನಮೂದು ತಪ್ಪಾಗಿದೆ, ತಿದ್ದಲು ಅನುಮತಿ ಕೊಡಿ ಎಂದು ಕೇಳಿದೆ. ಬೇಗನೆ ಉತ್ತರ ಬಂತು. ‘ಸಂಗ್ರಹಿಸಿದ ಮಾಹಿತಿಯನ್ನು ಆಮೇಲೆ ತಿದ್ದುವುದು ನಮ್ಮ ಶಾಸ್ತ್ರಕ್ಕೆ ಒಪ್ಪದು. ಇಂದು ಕನಿಕರದಿಂದ ಒಂದನ್ನು ತಿದ್ದಿದರೆ ನಾಳೆ ಯಾವುದನ್ನು ನಂಬುವುದು? ನೀನು ಕಚೇರಿಗೆ ಹೋಗುವ ಅಗತ್ಯವಿಲ್ಲ.’ ಕೊನೆಯಲ್ಲಿ, ನಿನ್ನನ್ನು ವಿಭಾಗದಲ್ಲಿ ಸಹಾಯಕನಾಗಿ ತೆಗೆದುಕೊಳ್ಳಲು ಬರೆದು ಕಳಿಸಿದ್ದೇನೆ, ಜಾಗರೂಕತೆಯಿಂದಿರು ಎಂದೂ ಇತ್ತು. ಸಾಹೇಬರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಇಂದಿಗೂ ಹೇಳುವುದಿಲ್ಲ. ಮಾಹಿತಿ ತಿದ್ದಬಾರದು. ಆದರೆ ನಾನು ಬರೆದದ್ದು ಮಾಹಿತಿಯೇ ಆಗಿರಲಿಲ್ಲ. ಎರಡು ದಿನ ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡಿ, ಮೂರನೆಯ ದಿನ, ಅಮರಪ್ಪನ ಅರ್ಜಿಯ ವಿಚಾರಣೆಗೆ, ಲಿಂಗಸುಗೂರಿನ ತಹಸೀಲು ಕಚೇರಿಗೆ ಹೋದೆ.

ತಹಸೀಲ್ದಾರರು ಉತ್ತರದ ಕಡೆಯವರು, ಬಂದು ಹೆಚ್ಚು ದಿನವಾಗಿರಲಿಲ್ಲ, ಕನ್ನಡ ಬಾರದು. ನನ್ನನ್ನು ಕಂಡು, ‘ನೀನೇ ಬರೆದವನಲ್ಲವೆ? ಇದರಲ್ಲಿ ಏನಿದೆ ಎಂದು ಈ ಹೆಂಗಸಿಗೆ ಅವಳ ಮಾತಿನಲ್ಲಿ ಓದಿ ಹೇಳು’ ಎಂದು ಉರ್ದುವಿನಲ್ಲಿ ಹೇಳಿದರು. ಫಾರ್ಮು ನನ್ನ ಕೈಗೆ ಬಂತು. ನನ್ನದೇ ಅಕ್ಷರ, ದುಂಡಗೆ, ಚೆಂದಾಗಿ. ಉರ್ದುವಿನಲ್ಲಿ ಬರೆಯುವಾಗ ಆ ಶಬ್ದ ಪುಸ್ತಕದ ಶಬ್ದವಾಗಿತ್ತು. ಕನ್ನಡದಲ್ಲಿ ಅದನ್ನು ಒಬ್ಬ ಹೆಣ್ಣುಮಗಳ ಮುಖ ನೋಡಿ ಹೇಳಬೇಕಾಗಿತ್ತು.

‘ಇಟಗೊಂಡಾಕಿ ಅಂತ ಬರದೀನ್ರಿ’ ಎಂದೆ.

ಪಡಸಾಲೆಯಲ್ಲಿ ಕುಳಿತ ದೈವದವರಲ್ಲಿ ಯಾರೋ ಕೆಮ್ಮಿದರು. ಹಂಪಮ್ಮ ನನ್ನನ್ನು ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿ ಇತ್ತು ಆ ನೋಟದಲ್ಲಿ. ‘ನನ್ನ ಏನೇನ ಕೇಳಿದ್ರಿ ಅವತ್ತು. ಆಡು ಎಷ್ಟು, ಕೊಡ ಎಷ್ಟು ಅಂತ ಕೇಳಿದ್ರಿ. ಇದನ್ನ ಯಾಕ ಕೇಳಲಿಲ್ರಿ?’

ನನಗೆ ನಾಚಿಕೆಯಾಯಿತು. ಬದುಕಿನಲ್ಲಿ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ‘ಈ ನಮೂದು ತಪ್ಪು. ಆಕೆಯನ್ನು ಕೇಳದೆ ಬರೆದೆ. ತಪ್ಪು ನನ್ನದು’ ಎಂದು ಉರ್ದುವಿನಲ್ಲಿ ಹೇಳಿ, ಅದನ್ನೇ ಕಾಗದದ ಮೇಲೆ ಬರೆದು ಸಹಿ ಮಾಡಿದೆ. ತಹಸೀಲ್ದಾರರು ಓದಿ ಬದಿಗಿಟ್ಟರು. ‘ಹೋದ ವರ್ಷ ಒಂದು ಬರೆಯುತ್ತೀ, ಈ ವರ್ಷ ಇನ್ನೊಂದು. ನಾನು ಯಾವುದನ್ನು ನಂಬಲಿ?’ ಸಾಹೇಬರ ಪತ್ರದ ಮಾತೇ.

ಆಗ ಅಮರಪ್ಪನ ಪರವಾಗಿ ವಾದಿಸಲು ಬಂದಿದ್ದ ಮುಖ್ತಾರ, ಅವನೂ ಹೊರಗಿನವನೇ, ಎದ್ದು ನಿಂತ. ‘ಹುಜೂರ್, ಈಕೆಯ ಗಂಡನ ಹೆಸರು ಈಕೆಯೇ ಹೇಳಲಿ’ ಎಂದ. ತಹಸೀಲ್ದಾರರು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಹಂಪಮ್ಮ ಸೆರಗು ಮುಂದೆಳೆದುಕೊಂಡು ತಲೆ ತಗ್ಗಿಸಿದಳು. ಮತ್ತೆ ಕೇಳಿದರು. ಇಲ್ಲ. ‘ನೋಡಿ ಹುಜೂರ್, ಗಂಡನಾಗಿದ್ದರೆ ಹೆಸರು ಹೇಳಲು ಏನು ಅಡ್ಡಿ?’ ಎಂದು ಮುಖ್ತಾರ ಗೆದ್ದವನಂತೆ ಕುಳಿತ. ದೈವದವರು ಮುಖ ಮುಖ ನೋಡಿಕೊಂಡರು. ಅಮರಪ್ಪನೂ ನೆಲ ನೋಡತೊಡಗಿದ, ಏಕೆಂದರೆ ತನ್ನ ಮುಖ್ತಾರ ಎಂಥ ಮಾತಾಡಿದನೆಂದು ಅವನಿಗೆ ಗೊತ್ತಾಗಿತ್ತು.

‘ಹುಜೂರ್, ಇಲ್ಲಿ ಯಾವ ಹೆಂಡತಿಯೂ ಹೇಳುವುದಿಲ್ಲ’ ಎಂದೆ.

‘ಯಾವ ಹೆಂಡತಿಯೂ?’ ತಹಸೀಲ್ದಾರರ ಹುಬ್ಬು ಮೇಲೇರಿತು. ಆ ಮನುಷ್ಯನಲ್ಲಿ ನನಗೆ ಇಷ್ಟವಾದದ್ದು ಇದು. ಗೊತ್ತಿಲ್ಲದ್ದು ಎದುರಾದರೆ ಅವರು ಸಿಟ್ಟಾಗಲಿಲ್ಲ, ಕುತೂಹಲಗೊಂಡರು. ಅಂಗಳದ ಬೇವಿನ ಗಿಡದ ಕೆಳಗೆ ಬುತ್ತಿಗಂಟು ಇಟ್ಟುಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. ಆಕೆಯನ್ನು ತೋರಿಸಿ, ‘ಕರೆ’ ಎಂದರು. ಆಕೆ ಅಮರಪ್ಪನ ಹೆಂಡತಿ ಈರಮ್ಮ, ಗಂಡನಿಗೆ ಬುತ್ತಿ ತಂದಿದ್ದಳು.

‘ನಿಮ್ಮ ಗಂಡನ ಹೆಸರೇನ್ರಿ?’ ಎಂದು ಕೇಳಿದೆ.

ಈರಮ್ಮ ಅಮರಪ್ಪನ ಕಡೆ ನೋಡಿದಳು, ಸೆರಗು ಎಳೆದುಕೊಂಡಳು, ತಲೆ ತಗ್ಗಿಸಿದಳು. ಹಂಪಮ್ಮ ಮಾಡಿದ್ದೇ ಎಲ್ಲ, ಅದೇ ಕ್ರಮದಲ್ಲಿ. ತಹಸೀಲ್ದಾರರು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು. ಗುಮಾಸ್ತರು ನಗು ತಡೆದುಕೊಂಡರು.

‘ಸರಿ. ಆ ಇನ್ನೊಬ್ಬಳು ನಿನಗೇನಾಗಬೇಕು ಎಂದು ಕೇಳು.’

ಕೇಳಿದೆ. ಈರಮ್ಮ ತಲೆ ಎತ್ತಿ, ಹಂಪಮ್ಮನ ಸೊಂಟದ ಮೇಲಿನ ಕೂಸನ್ನು ನೋಡಿದಳು. ‘ನೆಗೆಣ್ಣಿ ಆಗಬೇಕ್ರಿ’ ಎಂದಳು. ‘ನಮ್ಮ ಮೈದುನನ ಹೇಣ್ತಿ. ಅಕಿಗಿ ಸೀರಿ ಉಡಿಸಿದಾಗ ಬಳಿ ಇಡಸ್ಕೊಂಡು ಬಂದಾಕಿ ನಾನ ಅದೀನಿ.’

ಈರಮ್ಮನ ಬಾಯಿ ತಪ್ಪಿ ಬಂತೋ, ಬೇಕೆಂದೇ ಆಡಿದಳೋ, ನನಗೆ ಇಂದಿಗೂ ಗೊತ್ತಿಲ್ಲ. ಗಂಡನಿಗೆ ಬುತ್ತಿಗಂಟು ಕೊಟ್ಟು ಆಕೆ ಮರಳಿ ಬೇವಿನ ಗಿಡದ ಕೆಳಗೆ ಹೋದಳು. ಅಮರಪ್ಪ ಬುತ್ತಿ ಬಿಚ್ಚಲಿಲ್ಲ. ಮೂರು ವಾರದ ಮೇಲೆ ಹೊಲ ಹಂಪಮ್ಮನ ಹೆಸರಿಗಾಯಿತು.

ಸಹಾಯಕನ ಜಾಗ ನನಗೆ ಸಿಗಲಿಲ್ಲ, ಇನ್ನೊಬ್ಬನಿಗೆ ಹೋಯಿತು. ಸಾಹೇಬರು ನನ್ನೊಡನೆ ಕೆಲವು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ದಿನ ಕೋಣೆಗೆ ಕರೆದು, ‘ಆ ಖಾನೆಯಲ್ಲಿ ನೀನು ಬರೆದವರಲ್ಲಿ ಇನ್ನೆಷ್ಟು ಜನ ಉಡಿಕೆಯವರು?’ ಎಂದು ಕೇಳಿದರು. ‘ಗೊತ್ತಿಲ್ಲ ಸಾಹೇಬರೇ, ಯಾರನ್ನೂ ಕೇಳಿರಲಿಲ್ಲ’ ಎಂದೆ. ಮರುವರ್ಷದ ಪಾಠದಲ್ಲಿ ಆ ಪಟ್ಟಿ ಇರಲಿಲ್ಲ. ಅದೇಕೆ ಇಲ್ಲವೆಂದು ಅವರು ಹೇಳಲಿಲ್ಲ. ಆದರೆ ಅದನ್ನು ಮೊದಲೇ ಬರೆದುಕೊಂಡು ಪಾಸಾಗಿ ಹೋದ ಹುಡುಗರು ಎಲ್ಲೆಲ್ಲೋ ಮೇಷ್ಟ್ರಾದರು, ಅದನ್ನೇ ಪಾಠ ಮಾಡಿದರು. ಅವರ ಹಿಂದೆ ಹೋಗಿ ತಿದ್ದಲು ನನಗೆ ಆಗಲಿಲ್ಲ.

ಇದಕ್ಕಿಂತ ಮೊದಲು ನಡೆದ ಒಂದು ಸಂಗತಿ ಉಳಿದಿದೆ. ಹೊಲದ ತೀರ್ಮಾನವಾದ ಮರುದಿನ ನಾನು ಹಂಪಮ್ಮನ ಮನೆಗೆ ಹೋದೆ. ಎರಡನೆಯ ಸುತ್ತಿನ ಫಾರ್ಮು ಇನ್ನೂ ಖಾಲಿ ಇತ್ತು. ಈ ಸಲ ಆಕೆ ಒಳಗೆ ಕರೆದಳು, ಆದರೆ ಒಂದು ಷರತ್ತು ಹಾಕಿದಳು. ‘ಏನ ಬರದ್ರೂ ನನಗ ಓದಿ ಹೇಳಬೇಕು. ಓದಿದ ಮ್ಯಾಲ ಮುಂದಿಂದು.’

ಹಾಗೇ ಮಾಡಿದೆ. ಒಂದೊಂದು ಸಾಲು ಬರೆದು, ಕನ್ನಡ ಮಾಡಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು. ಹೆಸರಿನ ಮುಂದಿನ ಆ ಎರಡು ಖಾನೆಗಳು ಬಂದವು. ನಾನು ಯೋಚಿಸಲೇ ಇಲ್ಲ. ಮನ್ಕೂಹಾ ಎಂಬಲ್ಲಿ ದೊಡ್ಡದಾಗಿ ಗುರುತು ಹಾಕಿ, ‘ಲಗ್ನ ಆದಾಕಿ ಅಂತ ಬರದೆ’ ಎಂದು ಓದಿದೆ. ಆಕೆಗೆ ಸಂತೋಷವಾಗುವುದೆಂದು ತಲೆ ಎತ್ತಿ ನೋಡಿದೆ.

ಹಂಪಮ್ಮನ ಮುಖ ಬಿಗಿಯಿತು. ‘ಲಗ್ನ ಎಲ್ಲಾತ್ರಿ? ನಂದು ಉಡಿಕಿ. ದೈವದ ಮುಂದ ಸೀರಿ ಉಡಿಸ್ಯಾನ, ಎಲಿ ಅಡಿಕಿ ಹಂಚ್ಯಾರ. ಅದನ್ನ ಬರೀರಿ.’

‘ಅದಕ್ಕ ಇದರಾಗ ಜಾಗ ಇಲ್ಲಮ್ಮ.’

‘ಜಾಗ ಇಲ್ಲಂದ್ರ ಹೋದ ಸಲ ಒಂದು ಸುಳ್ಳು ಬರದ್ರಿ, ಈ ಸಲ ಇನ್ನೊಂದು ಸುಳ್ಳು ಬರಿತೀರೇನು? ಉಡಿಕ್ಯಾಗ ನಾಚ್ಕಿ ಏನೈತ್ರಿ?’

ಅಚ್ಚಾದ ಫಾರ್ಮಿನ ಮೇಲೆ ಕೈಯಿಂದ ಗೆರೆ ಎಳೆಯಕೂಡದೆಂದು ಸೂಚನೆಯ ಮೊದಲನೆಯ ಪುಟದಲ್ಲೇ ಇತ್ತು. ನಾನು ಹಾಕಿದ್ದ ಗುರುತನ್ನು ಹೊಡೆದುಹಾಕಿದೆ. ಎರಡು ಖಾನೆಗಳ ಪಕ್ಕದ ಬಿಳಿ ಜಾಗದಲ್ಲಿ ಒಂದು ಗೆರೆ ಎಳೆದೆ. ಸೊಟ್ಟಗಾಯಿತು. ಅದರೊಳಗೆ ಕನ್ನಡ ಅಕ್ಷರದಲ್ಲಿ ‘ಉಡಿಕೆ’ ಎಂದು ಬರೆದು, ಓದಿ ಹೇಳಿದೆ.

‘ಹ್ಞೂಂ, ಈಗ ಖರೇ ಐತಿ’ ಎಂದಳು. ‘ಮುಂದಿಂದು ಕೇಳ್ರಿ.’